ಎರಡನೆಯ ಸಾಲಿನ ಕೊನೆ

ಖಾನಾಪುರ ತಾಲೂಕು
3 ಜುಲೈ 2024

ಕುಂದಾ ಬಾಯಿಯವರಿಗೆ ನಮಸ್ಕಾರ.

ಈ ಪತ್ರವನ್ನು ಎರಡು ಸಲ ಬರೆದು ಹರಿದು, ಮೂರನೆಯ ಸಲ ಬರೆಯುತ್ತಿದ್ದೇನೆ. ಆದರೂ ಅಕ್ಷರ ಸೊಟ್ಟಗಾಗಿವೆ. ನಾಲ್ಕನೆಯ ಇಯತ್ತೆ ಮುಗಿದ ಮೇಲೆ ಸಾಲಿ ಬಿಟ್ಟೆ. ಒತ್ತಕ್ಷರ ಎಲ್ಲಿ ಬರಬೇಕು ಎಂದು ಕೇಳಲು ನಮ್ಮ ಮನೆಯಲ್ಲಿ ಯಾರೂ ಇಲ್ಲ. ತಪ್ಪಿದ್ದಲ್ಲಿ ನೀವೇ ಸರಿ ಮಾಡಿಕೊಂಡು ಓದಬೇಕು.

ನಿಮ್ಮ ಕಾರ್ಡು ಬಂತು. ಮೂರು ವರ್ಷದ ಹಿಂದೆ ನೀವು ನಮ್ಮ ಮನೆಗೆ ಬಂದು ಎಮ್ಮೆ ಹಿಂಡುವಾಗ ಅವ್ವ ಹಾಡುವ ಹಾಡನ್ನು ರೆಕಾರ್ಡರಿನಲ್ಲಿ ತುಂಬಿಕೊಂಡು ಹೋಗಿದ್ದಿರಿ. ಆಗ ಚಹಾ ತಂದುಕೊಟ್ಟು ಬಾಗಿಲ ಹಿಂದೆ ನಿಂತವಳು ನಾನು. ಆ ಹಾಡನ್ನು ಈಗ ಪುಸ್ತಕಕ್ಕೆ ಹಾಕುತ್ತೀರಿ, ಅದರ ಮೇಲೆ ಒಂದು ಲೇಖನ ಬರೆಯುತ್ತೀರಿ ಎಂದು ಓದಿ ಅವ್ವನಿಗೆ ಹೇಳಿದೆ. ಅವ್ವ ನಕ್ಕಳು. "ಎಮ್ಮಿ ಹಾಡಿಗಿ ಇಷ್ಟ ಕಾಗದ ಯಾಕ? ಆಕಿ ಮನ್ಯಾಗ ಎಮ್ಮಿ ಇಲ್ಲೇನ?" ಎಂದಳು.

ಹಾಡನ್ನು ಬರೆದು ಕಳಿಸು ಎಂದಿದ್ದೀರಿ. ಬರೆದಿದ್ದೇನೆ. ನಮ್ಮ ಮಾತು ಪುಸ್ತಕದಲ್ಲಿ ಚೆಂದ ಕಾಣುವುದಿಲ್ಲ, ಅದಕ್ಕೆ ಸಾಲಿಯಲ್ಲಿ ಕಲಿತ ಹಾಗೆ ತಿದ್ದಿದ್ದೇನೆ.

ನಿಂತಲ್ಲೆ ನಿಂತಿದ್ದೀ ನೀನೇಕೆ ಮುನಿದಿದ್ದೀ
ಕುಳಿತಿದ್ದೇನೆ ಚರಿಗೆ ಹಿಡಿದುಕೊಂಡು
ಸಂತೆಗೆ ಹಾಲು ತಡವಾಯಿತು

ಇಷ್ಟೇ. ಹಾಲು ಇಳಿಯುವವರೆಗೆ ಇದನ್ನೇ ಮತ್ತೆ ಮತ್ತೆ ಹಾಡುತ್ತಾಳೆ. ತಿದ್ದಿದ್ದರಲ್ಲಿ ತಪ್ಪಿದ್ದರೆ ಮನ್ನಿಸಬೇಕು.

ಇಂತಿ,
ಪ್ರಮಿಳಾ

*

ಶಿವಬಸವ ನಗರ, ಬೆಳಗಾವಿ
14 ಜುಲೈ 2024

ಪ್ರಮಿಳಾ,

ನಿನ್ನ ಅಕ್ಷರ ಗುಂಡಗಿದೆ. ಓದಲು ಏನೂ ಕಷ್ಟವಾಗಲಿಲ್ಲ. ಕಾಗುಣಿತದ ತಪ್ಪು ಮೂರೇ ಇದ್ದವು, ಅವನ್ನು ಬಿಟ್ಟುಬಿಡು. ನನಗೆ ದುಃಖವಾದದ್ದು ನೀನು ತಿದ್ದಿದ್ದಕ್ಕೆ.

ನಿಮ್ಮ ಅವ್ವ "ಕುಳಿತಿದ್ದೇನೆ" ಎಂದು ಹಾಡಿರಲಿಲ್ಲ. "ಕುಂತೇನ" ಎಂದು ಹಾಡಿದ್ದರು. ಅಂದು ನಾನೇ ಕೇಳಿದ್ದೇನೆ. ಮೂರು ಸಾಲಿನ ಮೊದಲನ್ನು ಒಂದರ ಕೆಳಗೊಂದು ಬರೆದು ನೋಡು: ನಿಂತ, ಕುಂತ, ಸಂತಿ. ಮೂರರಲ್ಲೂ ಎರಡನೆಯ ಅಕ್ಷರ ಒಂದೇ. ಅದನ್ನು ಪ್ರಾಸ ಎನ್ನುತ್ತಾರೆ. "ಕುಳಿತ" ಎಂದರೆ ನಡುವಿನ ಕಂಬ ಕಿತ್ತ ಹಾಗೆ.

ನಿನ್ನನ್ನು ಬಯ್ಯುತ್ತಿಲ್ಲ. ನಾನು ಮರಾಠಿ ಮನೆಯಲ್ಲಿ ಹುಟ್ಟಿ ಕನ್ನಡ ಕಲಿತು ಕಾಲೇಜಿನಲ್ಲಿ ಕನ್ನಡ ಕಲಿಸಿದವಳು. ಮೊದಮೊದಲು ನನಗೂ ಪುಸ್ತಕದ ಮಾತೇ ಶುದ್ಧ ಅನಿಸುತ್ತಿತ್ತು. ಒಮ್ಮೆ ರವಿವಾರ ಪೇಟೆಯಲ್ಲಿ "ದಯವಿಟ್ಟು ಒಳ್ಳೆಯ ಬೆಲ್ಲವನ್ನು ತೋರಿಸಿರಿ" ಎಂದೆ. ಅಂಗಡಿಯವನು "ಬಾಯಾರ, ಬೆಲ್ಲ ಒಯ್ಯಾಕ ಬಂದೀರೋ ಪಾಠ ಮಾಡಾಕ ಬಂದೀರೋ" ಎಂದು ಕೇಳಿದ. ಅಂದಿನಿಂದ ಕಲಿಯತೊಡಗಿದೆ.

ಇನ್ನು ಎಣಿಸುವುದನ್ನು ಹೇಳಿಕೊಡುತ್ತೇನೆ. ಗಿಡ್ಡ ಅಕ್ಷರಕ್ಕೆ ಒಂದು ಬೆರಳು, ಉದ್ದ ಅಕ್ಷರಕ್ಕೆ ಎರಡು. ಸೊನ್ನೆ ಇದ್ದರೂ ಎರಡು, ಮುಂದೆ ಒತ್ತಕ್ಷರ ಬಂದರೂ ಎರಡು. ಈ ಒಂದೊಂದು ಬೆರಳಿಗೆ ಮಾತ್ರೆ ಎಂದು ಹೆಸರು. "ನಿಂತಲ್ಲೆ" ಎಂದರೆ ಐದು. "ನಿಂತೀದಿ" ಐದು. "ನೀನ್ಯಾಕ" ಐದು. "ಮುನದೀದಿ" ಐದು. ಮೊದಲ ಸಾಲು ನಾಲ್ಕು ಕಾಲಿನ ಮೇಲೆ ಗಟ್ಟಿಯಾಗಿ ನಿಂತಿದೆ. ಮೂರನೆಯ ಸಾಲು ಐದು, ಮೂರು, ಐದು. ಅದೂ ಸರಿ. ಎರಡನೆಯದು "ಕುಂತೇನ" ಐದು, "ಚರಿಗಿ" ಮೂರು, "ಹಿಡಕೊಂಡ" ಐದು. ಅದರ ಮುಂದೆ ಇನ್ನೊಂದು ಐದು ಬರಬೇಕು. ತ್ರಿಪದಿಯಲ್ಲಿ ಆ ಜಾಗದಲ್ಲಿ ಯಾರನ್ನಾದರೂ ಕರೆಯುವ ಮಾತಿರುವುದು ವಾಡಿಕೆ. ನಿಮ್ಮ ಅವ್ವನ ಹಾಡಿನಲ್ಲಿ ಆ ಜಾಗ ಖಾಲಿ. ಅಲ್ಲಿ ಏನಿದೆ?

ತುಂಬಿಕೊಂಡು ಬಂದ ಹಾಡನ್ನು ನೀವೇ ಹಾಕಿ ಕೇಳಬಾರದೇ ಎಂದುಕೊಳ್ಳಬಹುದು. ಎರಡು ವರ್ಷದಿಂದ ನನಗೆ ಕಿವಿ ಕೇಳಿಸುವುದಿಲ್ಲ. ಕಿವಿಗೆ ಯಂತ್ರ ಹಾಕಿದರೆ ತಟ್ಟೆ ಬಿದ್ದ ಸದ್ದು ಬರುತ್ತದೆ, ಮಾತು ಬರುವುದಿಲ್ಲ. ಹಾಡಿನ ಸದ್ದಿನ ಮೇಲೆ ಬರೆಯಲು ಕುಳಿತಿದ್ದೇನೆ, ಆದರೆ ನನ್ನ ಹತ್ತಿರ ಉಳಿದಿರುವುದು ಕಾಗದ ಮಾತ್ರ. ಅದಕ್ಕೇ ನಿನಗೆ ಕಾರ್ಡು ಬರೆದದ್ದು. ಅವ್ವ ಹಾಡಿದ ಹಾಗೆಯೇ ಬರೆ, ಏನನ್ನೂ ತಿದ್ದಬೇಡ.

ಕುಂದಾ

*

ಖಾನಾಪುರ ತಾಲೂಕು
2 ಆಗಸ್ಟ್ 2024

ಬಾಯಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ನಾಚಿಕೆಯಾಯಿತು. ಆಮೇಲೆ ಬೆರಳು ಮಡಚಿ ಎಣಿಸಿದೆ. ಖರೆ, ಐದೇ ಬರುತ್ತವೆ. ಹಾಲು ಹಾಕಲು ಖಾನಾಪುರಕ್ಕೆ ಹೋಗುವಾಗ ಬಸ್ಸಿನಲ್ಲಿ ಅಂಗಡಿಗಳ ಬೋರ್ಡುಗಳನ್ನೂ ಎಣಿಸಿದೆ. ಬಾಜು ಕೂತಿದ್ದ ಮುದುಕಿ "ಯಾರ್ದರ ಲೆಕ್ಕ ಉಳದೈತೇನ ತಂಗಿ" ಎಂದು ಕೇಳಿದಳು.

ಹಾಡು ಹೀಗಿದೆ. ಈ ಸಲ ಏನನ್ನೂ ತಿದ್ದಿಲ್ಲ.

ನಿಂತಲ್ಲೆ ನಿಂತೀದಿ ನೀನ್ಯಾಕ ಮುನದೀದಿ
ಕುಂತೇನ ಚರಿಗಿ ಹಿಡಕೊಂಡ
ಸಂತೀಗಿ ಹಾಲ ತಡವಾತ

ನಿಮಗೆ ಕೇಳಿಸುವುದಿಲ್ಲ ಎಂದು ಬರೆದಿದ್ದೀರಿ. ಅದಕ್ಕೆ ಕಣ್ಣಿಗೆ ಕಾಣುವ ಹಾಗೆ ಬರೆಯಲು ನೋಡುತ್ತೇನೆ. ನಾನು ಸಣ್ಣಪುಟ್ಟದ್ದನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಇಡುತ್ತೇನೆ, ಯಾರಿಗೂ ತೋರಿಸಿಲ್ಲ. ಈ ಸಂಗತಿಯನ್ನೂ ಮೊದಲು ಅಲ್ಲಿಯೇ ಬರೆದೆ.

ಅವ್ವ ಕುಕ್ಕರಗಾಲಿನಲ್ಲಿ ಕೂಡುತ್ತಾಳೆ. ಚರಿಗಿಯನ್ನು ಎರಡು ಮೊಣಕಾಲಿನ ನಡುವೆ ಹಿಡಿಯುತ್ತಾಳೆ. ಹಣೆಯನ್ನು ಎಮ್ಮೆಯ ಹೊಟ್ಟೆಗೆ ಒತ್ತಿ ಇಡುತ್ತಾಳೆ. ಹಣೆ ಅಲ್ಲಿಂದ ಏಳುವುದಿಲ್ಲ. ಬಾಯಿ ಹೆಚ್ಚು ತೆರೆಯುವುದಿಲ್ಲ. ಅದಕ್ಕೆ ನಿಂ, ಕುಂ, ಸಂ ಎನ್ನುವಾಗ ಸದ್ದು ಬಾಯಿಯಿಂದ ಬರದೆ ಮೂಗಿನಿಂದ ಬಂದು ಹಣೆಯಲ್ಲಿ ಗುಂಯ್ ಎನ್ನುತ್ತದೆ. ಅಲ್ಲಿಂದ ಎಮ್ಮೆಯ ಮೈಗೆ ಹೋಗುತ್ತದೆ. ಎಮ್ಮೆಯ ಚರ್ಮ ಅಲ್ಲಿ ಒಮ್ಮೆ ಅದುರುವುದನ್ನು ನಾನು ನೋಡಿದ್ದೇನೆ. ನೀವು ಹೇಳಿದ ಪ್ರಾಸ ಅಲ್ಲೇ ಇದೆ. ನಾನು "ಕುಳಿತಿದ್ದೇನೆ" ಎಂದು ಹಣೆಯನ್ನು ಗೋಡೆಗೆ ಒತ್ತಿ ಹೇಳಿ ನೋಡಿದೆ. ಗೋಡೆಗೆ ಏನೂ ಹೋಗಲಿಲ್ಲ. "ಕುಂತೇನ" ಎಂದಾಗ ಹೋಯಿತು.

ಕೈಗಳು ಒಂದಾದ ಮೇಲೆ ಒಂದು ಎಳೆಯುತ್ತವೆ. ನಿಂತಲ್ಲೆ ಎಂದರೆ ಎಡಗೈ, ನಿಂತೀದಿ ಎಂದರೆ ಬಲಗೈ. ಒಂದು ಐದಕ್ಕೆ ಒಂದು ಎಳೆತ. ಚರಿಗಿ, ಹಾಲ ಎನ್ನುವಾಗ ಮೂರೇ ಇರುವುದರಿಂದ ಎಳೆತ ಗಿಡ್ಡವಾಗುತ್ತದೆ. ಹಿಡಕೊಂಡ ಆದ ಮೇಲೂ ಕೈ ನಿಲ್ಲುವುದಿಲ್ಲ, ಇನ್ನೊಂದು ಪೂರಾ ಎಳೆತ ಆಗುತ್ತದೆ. ಆಗ ತುಟಿ ಮುಚ್ಚಿರುತ್ತದೆ. ಅಲ್ಲಿ ಏನಿದೆ ಎಂದು ನನಗೆ ಗೊತ್ತಿಲ್ಲ. ಉಸಿರು ಎಳೆದುಕೊಳ್ಳುತ್ತಾಳೆ ಎಂದು ಸಣ್ಣವಳಿದ್ದಾಗಿನಿಂದ ತಿಳಿದಿದ್ದೆ. ಕೇಳಿದೆ. ಅವ್ವ ಮಾತು ಬೇರೆ ಕಡೆ ತಿರುಗಿಸಿದಳು.

ಈಚೆಗೆ ಅವ್ವನ ಮಾತು ಹಾಗೆಯೇ ತಿರುಗುತ್ತದೆ. ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾಳೆ. ಇದನ್ನು ಯಾಕೆ ಬರೆದೆನೋ, ಬಿಡಿ.

ಇಂತಿ,
ಪ್ರಮಿಳಾ

*

ಶಿವಬಸವ ನಗರ, ಬೆಳಗಾವಿ
20 ಸೆಪ್ಟೆಂಬರ್ 2024

ಪ್ರಮಿಳಾ,

ಹಣೆಯ ವಿಷಯವನ್ನು ನೀನು ಬರೆದ ಹಾಗೆಯೇ ಲೇಖನದಲ್ಲಿ ಸೇರಿಸಿದ್ದೇನೆ, ನಿನ್ನ ಹೆಸರು ಹಾಕಿದ್ದೇನೆ. ಇಷ್ಟು ವರ್ಷ ಪ್ರಾಸ ಕಲಿಸಿದವಳಿಗೆ ಅದು ಚರ್ಮದಲ್ಲಿ ಕೇಳಿಸುತ್ತದೆ ಎಂದು ತಿಳಿದಿರಲಿಲ್ಲ.

ಅಚ್ಚಿನ ಕರಡು ಹಾಳೆ ಕಳಿಸಿದ್ದೇನೆ. ಅವ್ವನಿಗೆ ಓದಿ ತೋರಿಸು. ತಮ್ಮ ಹಾಡು ಅಚ್ಚಾದದ್ದನ್ನು ಕಂಡು ಸಂತೋಷಪಡುತ್ತಾರೆ.

ಕುಂದಾ

*

ಖಾನಾಪುರ ತಾಲೂಕು
11 ಅಕ್ಟೋಬರ್ 2024

ಬಾಯಿಯವರಿಗೆ ನಮಸ್ಕಾರ.

ಉತ್ತರ ತಡವಾಯಿತು. ಹೇಗೆ ಬರೆಯಬೇಕು ಎಂದು ತಿಳಿಯಲಿಲ್ಲ.

ನಿಮ್ಮ ಹಾಳೆ ಬಂದ ದಿನ ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬಾಜು ಕೂತು ಓದಿದೆ. ಮೊದಲು ನಾನೊಮ್ಮೆ ಓದಿಕೊಳ್ಳಬೇಕಿತ್ತು, ಓದಲಿಲ್ಲ. ಖುಷಿಯಲ್ಲಿದ್ದೆ. ಅವಳ ಹೆಸರು, ನಮ್ಮ ಊರಿನ ಹೆಸರು, ಹಾಡು, ಎಲ್ಲ ಓದಿದೆ. ಎರಡನೆಯ ಸಾಲಿನ ಕೊನೆಗೆ "ನನ್ನವ್ವ" ಎಂದು ಇತ್ತು. ಅವ್ವ ತಲೆ ಎತ್ತಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ಇದ್ದದ್ದನ್ನೂ ನಿಲ್ಲದೆ ಓದಿದೆ. "ಇಲ್ಲಿ ಕೊನೆಯ ಪದ ಲುಪ್ತವಾಗಿದೆ. ಹಾಡುಗಾರ್ತಿಗೆ ವಯಸ್ಸಾಗಿದ್ದು, ಪದವನ್ನು ಮರೆತಂತಿದೆ. ಛಂದಸ್ಸಿಗೆ ಅನುಗುಣವಾಗಿ ‘ನನ್ನವ್ವ’ ಎಂದು ತುಂಬಿಕೊಳ್ಳಲಾಗಿದೆ." ಲುಪ್ತ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಮರೆತಂತಿದೆ ಎಂಬುದು ತಿಳಿಯಿತು. ಆದರೆ ಆಗಲೇ ಅದು ಬಾಯಿಂದ ಹೊರಗೆ ಬಂದಾಗಿತ್ತು.

ಅವ್ವ ಅಕ್ಕಿಯೊಳಗಿನ ಒಂದು ಕಲ್ಲು ಆರಿಸಿ ತೆಗೆದಳು. ಆಮೇಲೆ ಹೇಳಿದಳು.

"ನಾ ಮರತಿಲ್ಲವಾ. ಹೇಳಿಲ್ಲ."

ಆ ಜಾಗದಲ್ಲಿ ಎಮ್ಮೆಯ ಹೆಸರು ಇರುತ್ತದಂತೆ. ನಮ್ಮ ಮನೆಯಲ್ಲಿ ಹಿಂಡುವ ಎಮ್ಮೆಯ ಹೆಸರು ಹಿಂಡುವವಳಿಗೆ ಮಾತ್ರ ಗೊತ್ತು. ಉಳಿದವರೆಲ್ಲ ಬರೇ ಎಮ್ಮಿ ಎನ್ನುತ್ತೇವೆ. ಹೊರಗಿನವರ ಕಿವಿಗೆ ಹೆಸರು ಬಿದ್ದರೆ ಹಾಲು ಒಡೆಯುತ್ತದೆ ಎಂದು ಅವ್ವನ ಅತ್ತೆ ಹೇಳಿಕೊಟ್ಟಿದ್ದಳಂತೆ. ಅದಕ್ಕೆ ತುಟಿ ಮುಚ್ಚಿಯೇ ಅನ್ನುತ್ತಾಳೆ. ನನಗೂ ಇದು ಅಂದೇ ತಿಳಿಯಿತು. ಹೆಸರು ಮಾತ್ರ ನನಗೂ ಹೇಳಲಿಲ್ಲ. "ನೀ ಹಿಂಡೂ ದಿನ ಹೇಳತೇನಿ" ಎಂದಳು. ನೀವು ತುಂಬಿದ "ನನ್ನವ್ವ" ಕೇಳಿ, "ಎಮ್ಮಿಗಿ ಅವ್ವ ಅಂದ್ರ ತಿರುಗಿ ನೋಡತೈತೇನ, ಬಾಯಿಗಿ ಅಷ್ಟೂ ತಿಳೀಲಿಲ್ಲಾ" ಎಂದಳು. ನಗಲಿಲ್ಲ.

ನನ್ನ ಅಣ್ಣ ಲಕ್ಷ್ಮಣ ಬೆಳಗಾವಿಯಲ್ಲಿ ಕಾರಖಾನೆಗೆ ಹೋಗುತ್ತಾನೆ, ಸುಟಿ ಇದ್ದಾಗ ಬರುತ್ತಾನೆ. ಅವನಿಗೆ ಹೇಳಿದೆ. ಅವನು, "ಪಮ್ಮೀ, ನಿನ್ನಿ ತನ್ನ ಚಪ್ಪಲಿ ತಾ ಎಲ್ಲಿ ಬಿಟ್ಟೇನಂತ ಆಕಿಗಿ ಗೊತ್ತಿಲ್ಲ. ಮೂರ ವರ್ಷದ ಹಿಂದಿಂದ ಏನ ನೆನಪಿರತೈತಿ? ಪುಸ್ತಕದಾಗ ಹೆಸರ ಬಂತಲ್ಲ, ಸಾಕ ಮಾಡ" ಎಂದ.

ಬಾಯಿಯವರೇ, ಅವ್ವ ಈಗ ಮರೆಯುತ್ತಾಳೆ. ಅದು ಖರೆ. ಅದು ಅವಳಿಗೂ ಗೊತ್ತು. ಡಬ್ಬಿ ತೆರೆದು ಏನು ತೆಗೆಯಲು ಬಂದೆ ಎಂದು ನಿಂತುಬಿಡುತ್ತಾಳೆ, ನಾನು ಕಂಡರೆ ಡಬ್ಬಿ ಒರೆಸಿದಂತೆ ಮಾಡುತ್ತಾಳೆ. ಆದರೆ ನೀವು ಬಂದ ದಿನ ಮರೆತಿರಲಿಲ್ಲ. ಅದೊಂದು ದಿನವನ್ನಾದರೂ ಅವಳಿಗೆ ಬಿಡಿ. ಆ ಸಣ್ಣ ಅಕ್ಷರ ತೆಗೆಯಬೇಕು ಎಂದು ಕೈ ಮುಗಿದು ಕೇಳುತ್ತೇನೆ.

ಇಂತಿ,
ಪ್ರಮಿಳಾ

*

ಶಿವಬಸವ ನಗರ, ಬೆಳಗಾವಿ
6 ನವೆಂಬರ್ 2024

ಪ್ರಮಿಳಾ,

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ. ನಿಮ್ಮ ಅವ್ವನಿಗೆ ನೋವಾದದ್ದಕ್ಕೆ ನನಗೂ ನೋವಿದೆ. ಆದರೆ ನನ್ನ ಕೆಲಸದ ಕಟ್ಟಳೆಯನ್ನೂ ನಿನಗೆ ಹೇಳಬೇಕು.

ಹಾಡು ಸಂಗ್ರಹಿಸಲು ನಾನು ಬಹಳ ಮನೆಗಳಿಗೆ ಹೋಗಿದ್ದೇನೆ. ಹಾಡು ಮರೆತ ಹಿರಿಯರ ಪರವಾಗಿ ಮಕ್ಕಳು ಏನಾದರೊಂದು ಹೇಳುತ್ತಾರೆ. ಅದರಲ್ಲಿ ಕಪಟ ಇರುವುದಿಲ್ಲ, ಪ್ರೀತಿ ಇರುತ್ತದೆ. ಪ್ರೀತಿಯನ್ನು ಅಚ್ಚು ಹಾಕಲು ಬರುವುದಿಲ್ಲ. ಅಲ್ಲಿ ಹೆಸರಿದ್ದದ್ದು ನಿಜವಾದರೆ ಅದು ಐದು ಮಾತ್ರೆಯ ಹೆಸರಾಗಿರಬೇಕು. ಆ ಹೆಸರನ್ನು ನನಗೊಬ್ಬಳಿಗೆ ಬರೆದು ತಿಳಿಸಿದರೆ ಸಾಕು. ಪುಸ್ತಕದಲ್ಲಿ ಹಾಕುವುದಿಲ್ಲ. ಸಾಕ್ಷಿ ನನ್ನ ಹತ್ತಿರ ಇದೆ ಎಂದು ಬರೆದು ಟಿಪ್ಪಣಿ ಬದಲಿಸುತ್ತೇನೆ. ನನಗೆ ಕಿವಿಯೂ ಇಲ್ಲ, ಎಮ್ಮೆಯ ಹೆಸರು ಯಾವ ಕಿವಿಗೂ ಬಿದ್ದ ಹಾಗಾಗುವುದಿಲ್ಲ.

ಡಿಸೆಂಬರಿನಲ್ಲಿ ಅಚ್ಚು ಶುರುವಾಗುತ್ತದೆ. ಬೇಗ ಬರೆ.

ಕುಂದಾ

*

ಖಾನಾಪುರ ತಾಲೂಕು
19 ನವೆಂಬರ್ 2024

ಬಾಯಿಯವರಿಗೆ ನಮಸ್ಕಾರ.

ನಿಮ್ಮ ಮಾತು ಅವ್ವನಿಗೆ ಹೇಳಿದೆ. ಅವಳು ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ. ಗೊತ್ತಿದ್ದು ಹೇಳಲಿಲ್ಲವೋ, ಮರೆತಿದ್ದಾಳೆಯೋ, ನನಗೆ ತಿಳಿಯದು. ಸುಳ್ಳು ಬರೆಯಬಾರದು, ಅದಕ್ಕೆ ಇದ್ದದ್ದನ್ನು ಬರೆದಿದ್ದೇನೆ.

ನಾನೇ ಐದು ಮಾತ್ರೆಯ ಒಂದು ಹೆಸರು ಕಟ್ಟಿ ಬರೆದು ಕಳಿಸಬಹುದಿತ್ತು. ಎಣಿಸಲು ನೀವೇ ಕಲಿಸಿದ್ದೀರಿ. ಕ್ಯಾಲೆಂಡರಿನ ಹಿಂದೆ ಎರಡು ಮೂರು ಹೆಸರು ಬರೆದೂ ನೋಡಿದೆ. ಆಮೇಲೆ ಆ ಹಾಳೆಯನ್ನು ಒಲೆಗೆ ಹಾಕಿದೆ.

ಸಾಕ್ಷಿ ಇಲ್ಲದಿದ್ದರೆ ಟಿಪ್ಪಣಿ ಬದಲಿಸಲು ಆಗುವುದಿಲ್ಲ ಎಂದರೆ ಹಾಡನ್ನೇ ಪುಸ್ತಕದಿಂದ ತೆಗೆಯಿರಿ. ನನ್ನ ಹೆಸರನ್ನೂ ತೆಗೆಯಿರಿ. ದೊಡ್ಡವರಿಗೆ ಹೀಗೆ ಬರೆಯಬಾರದು. ಆದರೂ ಬರೆದಿದ್ದೇನೆ.

ಇಂತಿ,
ಪ್ರಮಿಳಾ

*

ಶಿವಬಸವ ನಗರ, ಬೆಳಗಾವಿ
23 ಜನವರಿ 2025

ಪ್ರಮಿಳಾ,

ನಿನ್ನ ಪತ್ರಕ್ಕೆ ಎರಡು ತಿಂಗಳು ಉತ್ತರ ಬರೆಯಲಿಲ್ಲ. ಸಿಟ್ಟು ಬಂದಿತ್ತು. ಹಾಡನ್ನು ತೆಗೆಯಲು ಹೇಳಿ ಅಚ್ಚನ್ನು ನಿಲ್ಲಿಸಿದ್ದೆ. ಆ ಹಾಡು ಇಲ್ಲದೆ ಲೇಖನವೇ ಇರಲಿಲ್ಲ.

ಕಳೆದ ವಾರ ನನ್ನ ತಮ್ಮನ ಮಗಳು ಸಾನಿಕಾ ಕಾಲೇಜಿನ ಗ್ಯಾದರಿಂಗಿಗೆಂದು ಒಂದು ದೊಡ್ಡ ಸ್ಪೀಕರ್ ತಂದು ನನ್ನ ಮೇಜಿನ ಮೇಲೆ ಇಟ್ಟಳು. ಏನನ್ನೋ ಹಾಕಿದಳು. ನಾನು ನೀರು ಕುಡಿಯಲು ತಂಬಿಗೆ ಎತ್ತಿಕೊಂಡಿದ್ದೆ, ಒಳಗಿನ ನೀರು ಸಣ್ಣಗೆ ಅದುರುತ್ತಿತ್ತು. ತಂಬಿಗೆ ಕೆಳಗಿಟ್ಟು ಸ್ಪೀಕರಿನ ಮೇಲೆ ಅಂಗೈ ಇಟ್ಟೆ. ನೀನು ಬರೆದ ಎಮ್ಮೆಯ ಚರ್ಮ ನೆನಪಾಯಿತು.

ನಿಮ್ಮ ಅವ್ವನ ಹಾಡು ಹಾಕಿಸಿದೆ. ನಿಂ ಎಂಬುದು ಅಂಗೈಗೆ ಬಂತು. ಕುಂ ಬಂತು. ಸಂ ಬಂತು. ಎರಡು ವರ್ಷದ ಮೇಲೆ ಒಂದು ಹಾಡು ನನ್ನ ಮೈಗೆ ಬಂತು, ಅದರ ಬಗ್ಗೆ ಹೆಚ್ಚು ಬರೆಯಲಾರೆ. ಮುಖ್ಯವಾದದ್ದನ್ನು ಹೇಳುತ್ತೇನೆ. ಹಿಡಕೊಂಡ ಆದ ಮೇಲೆ ಅಂಗೈ ಸುಮ್ಮನಾಗಲಿಲ್ಲ. ಸಣ್ಣಗೆ ಅದುರುತ್ತಲೇ ಇತ್ತು. ಸಾನಿಕಾಳಿಗೆ ಅಲ್ಲಿ ಏನು ಕೇಳಿಸುತ್ತದೆ ಎಂದು ಕೇಳಿದರೆ, ಶಬ್ದ ಇಲ್ಲ ಆತ್ಯಾ, ಹೂಂ ಅಂತ ಅಷ್ಟೇ ಎಂದು ಕಾಗದದ ಮೇಲೆ ಮರಾಠಿಯಲ್ಲಿ ಬರೆದು ತೋರಿಸಿದಳು.

ಇನ್ನೊಂದು ಕೈಯಿಂದ ಮೇಜು ತಟ್ಟುತ್ತ ಎಣಿಸಿದೆ. ಐದು. ಮತ್ತೆ ಹಾಕಿಸಿದೆ. ತುಂಬಿಕೊಂಡು ಬಂದದ್ದರಲ್ಲಿ ನಿಮ್ಮ ಅವ್ವ ಆ ಹಾಡನ್ನು ಒಂಬತ್ತು ಸಲ ಹಾಡಿದ್ದಾರೆ. ಒಂಬತ್ತು ಸಲವೂ ಐದೇ. ಮರೆತವರು ಹೇಗೆ ಹಾಡುತ್ತಾರೆ ಎಂದು ನಾನು ನೋಡಿದ್ದೇನೆ. ಒಂದೋ ನಿಂತುಬಿಡುತ್ತಾರೆ, ಇಲ್ಲವೇ ಆ ಜಾಗವನ್ನು ಹಾರಿ ಮುಂದಿನ ಸಾಲಿಗೆ ಓಡುತ್ತಾರೆ. ಇವರು ನಿಲ್ಲಲಿಲ್ಲ, ಓಡಲಿಲ್ಲ. ಒಂದು ಹೆಸರಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಇದ್ದು ಮುಂದೆ ಹೋದರು.

ಕಿವಿ ಇದ್ದಾಗ ಇದು ನನಗೆ ಕೇಳಿಸಲಿಲ್ಲ. ನೀನು ಆಗಸ್ಟಿನಲ್ಲೇ ಬರೆದಿದ್ದೆ, ಕೈ ನಿಲ್ಲುವುದಿಲ್ಲ, ಇನ್ನೊಂದು ಪೂರಾ ಎಳೆತ ಆಗುತ್ತದೆ ಎಂದು. ಅದನ್ನೂ ಓದಿ ಮುಂದೆ ಹೋಗಿದ್ದೆ. ನಿನ್ನನ್ನು ಸಾಕ್ಷಿ ಕೇಳಿದ್ದು ನನ್ನ ತಪ್ಪು. ನಿಮ್ಮ ಅವ್ವ ಪದ್ಮವ್ವನವರಿಗೆ ನನ್ನ ಪರವಾಗಿ ತಪ್ಪಾಯಿತು ಎಂದು ಹೇಳು.

ಮರುದಿನವೇ ಸಾನಿಕಾಳನ್ನು ಕರೆದುಕೊಂಡು ರವಿವಾರ ಪೇಟೆಯ ಹಿಂದಿನ ಓಣಿಯಲ್ಲಿರುವ ಪ್ರೆಸ್ಸಿಗೆ ಹೋದೆ. ಮಾಲಕ ಗುರುಪಾದಪ್ಪನವರಿಗೆ "ನನ್ನವ್ವ" ತೆಗೆದು ಅಷ್ಟು ಜಾಗ ಖಾಲಿ ಬಿಡಿ ಎಂದೆ. ಅವರು ಹೇಳಿದ್ದನ್ನು ಸಾನಿಕಾ ಬರೆದು ತೋರಿಸಿದಳು: "ಖಾಲಿ ಬಿಟ್ರ ಮಂದಿ ನಿಮಗೇನ ಅನ್ನೂದಿಲ್ರಿ ಬಾಯಾರ, ಗುರುಪಾದಪ್ಪ ನಿದ್ದಿಗಣ್ಣಾಗ ಅಚ್ಚ ಹಾಕ್ಯಾನ ಅಂತಾರ. ನಾಕ ಚುಕ್ಕಿ ಆದ್ರೂ ಇಡೂಣು." ಚುಕ್ಕಿಯೂ ಬೇಡ ಎಂದೆ. ಕೆಳಗಿನ ಟಿಪ್ಪಣಿ ಈಗ ಹೀಗಿದೆ: "ಇಲ್ಲಿ ಹಾಡುಗಾರ್ತಿ ಪದ್ಮವ್ವ ಐದು ಮಾತ್ರೆಯ ಒಂದು ಹೆಸರನ್ನು ತುಟಿ ಮುಚ್ಚಿ ಹೇಳುತ್ತಾರೆ. ಅದು ಹೊರಗಿನವರಿಗಲ್ಲ."

ಹೆಸರು ಏನೆಂದು ಇನ್ನು ಕೇಳುವುದಿಲ್ಲ.

ಕುಂದಾ

*

ಖಾನಾಪುರ ತಾಲೂಕು
17 ಮಾರ್ಚ್ 2025

ಬಾಯಿಯವರಿಗೆ ನಮಸ್ಕಾರ.

ಪುಸ್ತಕ ತಲುಪಿತು. ಲಕ್ಷ್ಮಣನೇ ಖಾನಾಪುರದ ಪೋಸ್ಟಿನಿಂದ ಬಿಡಿಸಿಕೊಂಡು ಬಂದ. ಬಸ್ಸಿನಲ್ಲಿ ಇಬ್ಬರಿಗೆ ತೋರಿಸಿದನಂತೆ, ನನಗೆ ಮಾತ್ರ ಏನೂ ಹೇಳಲಿಲ್ಲ.

ಅವ್ವನಿಗೆ ಹಾಡು ಇರುವ ಪುಟ ತೆರೆದು ಕೊಟ್ಟೆ. ಈ ಸಲ ಮೊದಲು ನಾನೊಬ್ಬಳೇ ಓದಿಕೊಂಡಿದ್ದೆ. ಸಣ್ಣ ಅಕ್ಷರವನ್ನೂ ಓದಿ ಹೇಳಿದೆ. ಅವಳಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಎರಡನೆಯ ಸಾಲಿನ ಕೊನೆಗೆ ಬೆರಳಿಟ್ಟು, "ಇಲ್ಲೆ ಯಾರರ ಕುಂದ್ರಾವರ ಅದಾರೇನ? ಜಾಗಾ ಹಿಡದಾರಲ್ಲ" ಎಂದು ಕೇಳಿದಳು. ಹೌದವ್ವ ಎಂದೆ. "ಹಂಗಾರ ಬಿಡ, ಬರ್ಲಿ" ಎಂದಳು. ನೀವು ತಪ್ಪಾಯಿತು ಎಂದದ್ದನ್ನೂ ಹೇಳಿದೆ. ಯಾವ ಬಾಯಿ ಎಂದು ಕೇಳಿದಳು.

ಸಂಕ್ರಮಣದ ಮೇಲೆ ಅವ್ವನಿಗೆ ಹಿಂಡಲು ಆಗುತ್ತಿಲ್ಲ. ಚರಿಗಿ ಹಿಡಿದು ದನದ ಮನೆಗೆ ಹೋಗುತ್ತಾಳೆ, ಅಲ್ಲಿ ಯಾಕೆ ಬಂದೆ ಎಂದು ನಿಲ್ಲುತ್ತಾಳೆ. ಅದಕ್ಕೆ ನಾನು ಕೂತೆ. ಹಣೆ ಒತ್ತಿ ಹಾಡಿದೆ, ಹಾಡು ಪೂರಾ ಬರುತ್ತದೆ, ಸದ್ದೂ ಸರಿ ಇದೆ. ಕೊನೆಗೆ ಅವಳ ಹಾಗೆ ಹೂಂ ಎಂದೆ. ಎಮ್ಮೆ ಹಾಲು ಇಳಿಸಲಿಲ್ಲ. ಕರು ಬಿಟ್ಟರೂ ಅರ್ಧ ಚರಿಗಿಯ ಮೇಲೆ ಬರಲಿಲ್ಲ. ಉಳಿದದ್ದನ್ನು ಮೇಲೆ ಎಳೆದುಕೊಂಡು ನನ್ನನ್ನೇ ನೋಡುತ್ತಿತ್ತು. ಬರೇ ಹೂಂ ಎಂಬುದರೊಳಗೆ ಹೆಸರು ಇಲ್ಲ ಎಂದು ಅದಕ್ಕೆ ತಿಳಿಯುತ್ತದೆ. ನೀ ಹಿಂಡೂ ದಿನ ಹೇಳತೇನಿ ಎಂದಿದ್ದಳಲ್ಲ. ಆ ದಿನ ಬಂದಾಗ ಕೇಳಿದರೆ, "ಯಾರ ಹೆಸರ?" ಎಂದಳು. ಒಂದು ತಿಂಗಳು ಹೀಗೇ ಹೋಯಿತು. ಖಾನಾಪುರದಲ್ಲಿ ಎರಡು ಮನೆಯವರಿಗೆ ಹಾಲು ಹಾಕುವುದನ್ನು ನಿಲ್ಲಿಸಿದೆ.

ಹೋದ ತಿಂಗಳು ಲಕ್ಷ್ಮಣ ಬಂದಿದ್ದಾಗ ಅವ್ವ ನನ್ನನ್ನು ಕರೆದಳು. ನನ್ನ ಹೆಸರಿನಿಂದ ಕರೆಯಲಿಲ್ಲ. ನಮ್ಮ ಮನೆಯಲ್ಲಿ, ಬೀಗರಲ್ಲಿ, ಓಣಿಯಲ್ಲಿ ಯಾರಿಗೂ ಇಲ್ಲದ ಒಂದು ಹೆಸರಿನಿಂದ ಕರೆದಳು. ಲಕ್ಷ್ಮಣ ಊಟದ ತಾಟಿನಿಂದ ತಲೆ ಎತ್ತಿ, "ನೋಡ, ಈಗ ನಿನ್ನ ಹೆಸರೂ ಹ್ವಾತ" ಎಂದ. ಅವನ ಕಣ್ಣು ತುಂಬಿದ್ದವು. ನಾನು ಸೆರಗಿನೊಳಗೆ ಬೆರಳು ಮಡಚಿ ಎಣಿಸಿದೆ. ನನ್ನ ಹೆಸರಿಗೆ ನಾಲ್ಕು ಮಾತ್ರೆ. ಅವ್ವ ಕರೆದದ್ದಕ್ಕೆ ಐದು.

ಸಂಜೆ ಹಿಂಡಲು ಕೂತಾಗ ಹಿಡಕೊಂಡ ಆದ ಮೇಲೆ ತುಟಿ ಮುಚ್ಚಿ ಅದನ್ನೇ ಅಂದೆ. ಹಣೆಯ ಕೆಳಗೆ ಎಮ್ಮೆಯ ಚರ್ಮ ಒಮ್ಮೆ ಅದುರಿತು. ಚರಿಗಿ ತುಂಬಿತು, ಇನ್ನೊಂದು ತರಬೇಕಾಯಿತು.

ಲಕ್ಷ್ಮಣನಿಗೆ ಹೇಳಿಲ್ಲ. ನಿಮಗೂ ಹೆಸರು ಬರೆಯುವುದಿಲ್ಲ, ನೀವು ಸಿಟ್ಟಾಗುವುದಿಲ್ಲ ಎಂದು ಗೊತ್ತು. ಅವ್ವ ಈಗ ನನ್ನನ್ನು ಅದೇ ಹೆಸರಿನಿಂದ ಕರೆಯುತ್ತಾಳೆ. ಮೊದಮೊದಲು "ನಾ ಪ್ರಮಿಳಾ, ಅವ್ವಾ, ಪಮ್ಮಿ" ಎಂದು ನೆನಪು ಮಾಡಿ ಕೊಡುತ್ತಿದ್ದೆ. ಅವಳು ಹೆದರಿ ಡಬ್ಬಿ ಒರೆಸಲು ಹೋಗುತ್ತಿದ್ದಳು. ಅದಕ್ಕೆ ಹಾಗೆ ಮಾಡುವುದನ್ನು ಬಿಟ್ಟೆ.

ಇವತ್ತು ಮುಂಜಾನೆ ನಾನು ಚಹಾ ಸೋಸುತ್ತಿದ್ದೆ. ಅವ್ವ ಪಡಸಾಲೆಯಿಂದ ಆ ಹೆಸರು ಹಿಡಿದು ಕರೆದಳು. ಓ ಎಂದೆ. ಎದ್ದು ಹೋಗಿ ಬಾಜು ಕೂತೆ.

ಇಂತಿ,
ಪ್ರಮಿಳಾ